ಹಾರದ ಫ್ಯೂಸು

ಮಧ್ಯಾಹ್ನದ ಊಟ ಮುಗಿಸಿ ಬಂದು ದರ್ಜಿಯ ಹೆಂಡತಿ ಅಂಗಡಿ ಬಾಗಿಲು ತೆರೆದಳು. ಹೊಗೆ ಮುಖಕ್ಕೆ ಹೊಡೆಯಿತು. ಅಳತೆ ಕೋಣೆಯ ಪರದೆ ಧಗಧಗ ಉರಿಯುತ್ತಿತ್ತು! ಪಕ್ಕದಲ್ಲಿ ತೂಗುಹಾಕಿದ್ದ ಆರು ಹೊಸ ಕೋಟುಗಳಿಗೂ ಬೆಂಕಿ ಹತ್ತಿತ್ತು. ಅವಳು ದೀಪದ ಬ್ಯಾಟರಿಯ ತಂತಿ ಕಿತ್ತು, ನೀರು ಎರಚಿ ಆರಿಸುವಷ್ಟರಲ್ಲಿ ಬೀದಿಯ ಜನವೆಲ್ಲ ನೆರೆದಿದ್ದರು.

"ಇವನದೇ ಕೆಲಸ!" ದರ್ಜಿ ಎಲ್ಲರಿಗೂ ಕೇಳುವಂತೆ ತಮ್ಮನ ಮೇಲೆ ಹರಿಹಾಯ್ದ. "ಹಳೇ ಕಾರ್ ಬ್ಯಾಟರಿಯಿಂದ ಅಳತೆ ಕೋಣೆಗೆ ಎಂಟು ಬಲ್ಬ್ ಸಿಕ್ಕಿಸಿ, ಕಡಿಮೆ ಖರ್ಚಿನ ದೀಪ ಅಂದ. ಅಂಗಡೀನೇ ಸುಟ್ಟ! ಇವತ್ತೇ ಗಂಟುಮೂಟೆ ಕಟ್ಟು!"

ತಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಅವನಿಗೆ ಇರಲು ಬೇರೆ ಮನೆಯಿಲ್ಲ, ಬೇರೆ ಕೆಲಸವೂ ಗೊತ್ತಿಲ್ಲ.

ಅಷ್ಟರಲ್ಲಿ ನನ್ನ ಸೋದರತ್ತೆ ಜನರನ್ನು ಸರಿಸಿಕೊಂಡು ಒಳನುಗ್ಗಿದರು. ಎದುರಿನ ರೇಡಿಯೋ ರಿಪೇರಿ ಅಂಗಡಿ ಅವರದು. ಸುಟ್ಟ ವೈರಿನ ವಾಸನೆ ಬಂದರೆ ಸಾಕು, ಅವರನ್ನು ಹಿಡಿದು ಕೂರಿಸಲಾಗದು. ಟಾರ್ಚ್ ಹಿಡಿದು ನಾನೂ ಓಡಿದೆ. ನಿಜ ಹೇಳಬೇಕೆಂದರೆ, ಎದುರಿನವರ ಅಂಗಡಿ ಸುಟ್ಟಿದ್ದರೂ ನನಗೆ ಉತ್ಸಾಹ ತಡೆಯಲಾಗುತ್ತಿರಲಿಲ್ಲ!

"ಯಾವ ವೈರ್ ಹಾಕಿದ್ದೆಯೋ?" ಅತ್ತೆ ತಮ್ಮನನ್ನು ಕೇಳಿದರು.

"ದಪ್ಪದ್ದು ಅಕ್ಕಾ. ಕಪ್ಪು ವೈರ್, ಒಳಗೆ ತುಂಬಾ ತಾಮ್ರ ಇರೋದು."

"ಹನ್ನೆರಡು ವೋಲ್ಟಿಗೆ ಅಷ್ಟು ದಪ್ಪ ಯಾಕೆ?"

"ಶಾಕ್ ಹೊಡೆಯಲ್ಲ ಅಂತ ತೆಳುವಾದ್ದು ಹಾಕಿದ್ರೆ ಕೆಟ್ಟೆ. ವೋಲ್ಟ್ ಕಡಿಮೆ ಆದ್ರೆ, ಅಷ್ಟೇ ಬೆಳಕಿಗೆ ಕರೆಂಟು ಜಾಸ್ತಿ ಹರಿಯುತ್ತೆ. ಎಂಟು ಬಲ್ಬಿಗೆ ಏಳು ಆಂಪಿಯರ್. ಅದಕ್ಕೇ ಹತ್ತರ ಫ್ಯೂಸ್ ಹಾಕಿದೀನಿ."

"ಭೇಷ್!"

ಅತ್ತೆ ಬ್ಯಾಟರಿಯ ಬಳಿ ಬಗ್ಗಿದರು. ಫ್ಯೂಸು ಹಾರಿರಲೇ ಇಲ್ಲ!

"ನೋಡಿದ್ರಾ? ಅದೂ ದಂಡ!" ದರ್ಜಿ ಕೈ ಝಾಡಿಸಿದ.

ಅತ್ತೆ ಅವನ ಹೆಂಡತಿಯತ್ತ ತಿರುಗಿದರು. "ನೀನು ಏನೇನು ಹೊಲಿತೀಯಮ್ಮಾ?"

"ಗುಂಡಿ, ಕಾಜಾ. ಎಲ್ಲಾ ಕೈಹೊಲಿಗೆ."

"ಮಿಷನ್ನು?"

"ನಾನು ಬಿಟ್ಟು ಯಾರೂ ಮುಟ್ಟೋ ಹಾಗಿಲ್ಲ," ದರ್ಜಿ ಎದೆಯುಬ್ಬಿಸಿದ. "ತಮ್ಮನಿಗೆ ಬರೀ ಕತ್ತರಿ ಕೆಲಸ."

ಅತ್ತೆ ಪರದೆಯ ಉಳಿದ ತುಂಡನ್ನು ಇಕ್ಕಳದಲ್ಲಿ ಎತ್ತಿದರು. ಮೇಲಂಚನ್ನು ಮಡಿಚಿ ಹೊಲಿದ ಸಣ್ಣ ಕೊಳವೆ — ಒಳಗೆ ಕರಗಿದ ಬಿಳಿ ವೈರು! ತಾಮ್ರ ನೂಲಿನೆಳೆಯಷ್ಟೇ ಇತ್ತು.

"ಇದು ಕಾಲಿಂಗ್ ಬೆಲ್ ವೈರ್. ಹುಡುಗ ಹಾಕಿದ್ದಲ್ಲ. ಎಲ್ಲರೂ ಫ್ಯೂಸನ್ನ ಬೈದ್ರಿ, ಅದು ಯಾಕೆ ಹಾರಲಿಲ್ಲ ಅಂತ ಯಾರಾದ್ರೂ ಕೇಳಿದ್ರಾ? ಕರೆಂಟು ಹತ್ತು ಆಂಪಿಯರ್ ದಾಟೇ ಇಲ್ಲ! ಊಟಕ್ಕೆ ಹೋದಾಗಲೂ ದೀಪ ಉರೀತಾನೇ ಇತ್ತು, ಅದೇ ಏಳು. ದಪ್ಪ ವೈರಿಗೆ ಅದು ಲೆಕ್ಕವೇ ಅಲ್ಲ. ಇದಕ್ಕೆ? ಕಾದು ಕೆಂಡ! ಸುತ್ತ ಬಟ್ಟೆ ಬೇರೆ. ದಪ್ಪ ವೈರನ್ನ ಕಾಯೋ ಫ್ಯೂಸಿಗೆ, ಮಧ್ಯದಲ್ಲಿ ತೆಳು ವೈರ್ ಸೇರಿಸಿದ್ದು ಹೇಗೆ ಗೊತ್ತಾಗಬೇಕು?"

"ಸೇರಿಸಿದ್ದು ಯಾರು ಅತ್ತೆ?" ನಾನು ಟಾರ್ಚನ್ನು ಇನ್ನೂ ಹತ್ತಿರ ಹಿಡಿದೆ.

"ಈ ಕೊಳವೆ ನೋಡು. ಕೈಹೊಲಿಗೆನಾ? ಗೆರೆ ಎಳೆದ ಹಾಗಿದೆ — ಮಿಷನ್ ಹೊಲಿಗೆ!"

ಎಲ್ಲರ ಕಣ್ಣೂ ದರ್ಜಿಯತ್ತ ಹೊರಳಿದವು. ಅವನು ಸ್ಟೂಲಿನ ಮೇಲೆ ಕುಸಿದ.

"ಆ ಕಪ್ಪು ವೈರ್ ನೋಡಿ ಗಿರಾಕಿಯೊಬ್ಬರು ನಕ್ಕರು. ನಿನ್ನೆ ಕಿತ್ತು, ಮನೇಲಿದ್ದ ಬಿಳೀದನ್ನ ಪರದೆ ಒಳಗೆ ಮುಚ್ಚಿಬಿಟ್ಟೆ. ವೈರ್ ಅಂದ್ರೆ ವೈರೇ ಅಲ್ವಾ ಅಂದ್ಕೊಂಡೆ... ಹೊಗೆ ನೋಡಿದ ತಕ್ಷಣ ನಂದೇ ತಪ್ಪು ಅಂತ ಗೊತ್ತಾಯ್ತು."

"ಬೆಂಕಿಗೆ ಬೇಜಾರಿಲ್ಲ ಅಣ್ಣಾ," ತಮ್ಮನ ದನಿ ಒಡೆದಿತ್ತು. "ಗೊತ್ತಿದ್ದೂ ನನ್ನ ಹೊರಗೆ ಹಾಕೋಕೆ ಹೊರಟೆಯಲ್ಲ!"

ದರ್ಜಿ ಎದ್ದು, ಹೊಸಿಲು ದಾಟಿ, ಚದುರುತ್ತಿದ್ದ ಜನರನ್ನು ಕೈತಟ್ಟಿ ಕರೆದ.

"ಸ್ವಲ್ಪ ನಿಲ್ಲಿ! ನನ್ನ ತಮ್ಮ ಹಾಕಿದ್ದ ವೈರ್ ಸರಿಯಾಗಿತ್ತು. ಅಂಗಡಿ ಸುಟ್ಟೋನು ನಾನು!"