ಊದಿಕೊಂಡ ಬೆರಳು

ಮಖಮಲ್ಲಿನ ತಟ್ಟೆಯಲ್ಲಿ ಅಜ್ಜಿಯ ಉಂಗುರವಿಟ್ಟಿದ್ದ ಜಾಗ ಖಾಲಿಯಾಗಿತ್ತು.

ಮದುವೆಗೆ ಜೋಡಿ ಉಂಗುರ ಆರಿಸಲು ಚಿನ್ನದಂಗಡಿಗೆ ಬಂದವರು ಮಾದರಿಗೆಂದು ತಂದಿದ್ದ ಉಂಗುರವದು. ಹುಡುಗನ ಅಜ್ಜಿ ಬದುಕಿಡೀ ತೊಟ್ಟು ಸವೆಸಿದ್ದು. ಕಲ್ಲಿಲ್ಲ, ಕೆತ್ತನೆಯಿಲ್ಲ, ಬರೀ ತೆಳ್ಳನೆಯ ಬಂಗಾರದ ಸುತ್ತು. ಈಗ ಮಂಗಮಾಯ. ಹುಡುಗನ ತಾಯಿ ಹುಡುಕುವ ಗೋಜಿಗೂ ಹೋಗಲಿಲ್ಲ. ನೆಟ್ಟಗೆ ಅಂಗಡಿಯ ಬಾಗಿಲಿಗೆ ಹೋಗಿ, ಸೊಸೆಯಾಗಲಿದ್ದವಳು ಕಳ್ಳಿ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು.

ಹುಡುಗಿ ಎದುರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯ ಔಷಧದ ಬೀರುವಿನ ಬೀಗದ ಕೈ ಇರುವುದು ಅವಳ ಬಳಿ. ಕಳ್ಳಿ ಎಂಬ ಮಾತು ರಸ್ತೆ ದಾಟಿದರೆ ಮೊದಲು ಕೀ ಹೋಗುತ್ತದೆ, ಹಿಂದೆಯೇ ಕೆಲಸ. ನಾವು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಮಾತು ರಸ್ತೆ ದಾಟಿಯಾಗಿತ್ತು. ಆಸ್ಪತ್ರೆಯ ಗೇಟಿನಲ್ಲಿ ಬಿಳಿ ಸಮವಸ್ತ್ರದವರು ಗುಂಪುಕಟ್ಟಿದ್ದರು.

ನಾವು ಅಂದರೆ ನಾನು ಮತ್ತು ಜಿಗಣೆ. ಪೊಲೀಸ್ ಕೆಲಸ ಬಿಟ್ಟು ಖಾಸಗಿಯಾಗಿ ಪತ್ತೇದಾರಿ ಮಾಡುವ ನಮ್ಮ ಮೇಡಂಗೆ ಜನ ಇಟ್ಟ ಹೆಸರು ಅದು. ಕಚ್ಚಿದರೆ ಬಿಡುವವರಲ್ಲ. ನಾನು ಸಹಾಯಕ ಅಂತ ಕಾರ್ಡಿನಲ್ಲಿದೆ. ನಿಜಕ್ಕೂ ಸ್ಕೂಟರ್ ಓಡಿಸುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ಅಂಗಡಿಯ ಯಜಮಾನ ಯಾರನ್ನೂ ಹೊರಗೆ ಬಿಡದೆ ಫೋನು ಮಾಡಿದ್ದ. ಚೀಲಗಳನ್ನು ಕೊಡವಿದ್ದರು, ಚಪ್ಪಲಿ ಬಿಚ್ಚಿಸಿದ್ದರು. ಹುಡುಗನ ತಾಯಿ ಹುಡುಗಿಯನ್ನು ಒಳಕೋಣೆಗೆ ಎಳೆದೊಯ್ದು ಮೈಮುಟ್ಟಿ ಹುಡುಕಿದ್ದಳು. ಅದನ್ನು ಕಂಡು ಕೆಂಡವಾದ ಹುಡುಗಿಯ ಅಕ್ಕ, ಆಕೆಯನ್ನೂ ಅದೇ ಕೋಣೆಗೆ ಎಳೆದೊಯ್ದು ಹುಡುಕಿದ್ದಳು. ಇಬ್ಬರಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ನನ್ನ ಅನುಮಾನವೇನೋ ಅಕ್ಕನ ಮೇಲೇ ಇತ್ತು; ಹಗೆ ತೀರಿಸಿಕೊಳ್ಳಲು ಅಷ್ಟು ಸಾಕಲ್ಲ?

ಹುಡುಗ ಮಾತ್ರ ಬಲು ಮೃದು. ಹುಡುಗಿಯ ಪಕ್ಕ ಬಗ್ಗಿ ಪಿಸುಗುಟ್ಟುತ್ತಿದ್ದ: "ಇದ್ರೆ ಕೊಟ್ಬಿಡು. ಅಮ್ಮನ್ನ ನಾನು ಸಮಾಧಾನ ಮಾಡ್ತೀನಿ."

"ಇದ್ರೆ ಅಂದ್ರೆ?" ಎಂದಳು ಹುಡುಗಿ. "ನಿನಗೂ ಅನುಮಾನವಾ?"



ಜಿಗಣೆ ಕುರ್ಚಿ ಎಳೆದುಕೊಂಡು ಕುಳಿತರು. ನಡೆದದ್ದನ್ನು ಒಂದೂ ಬಿಡದೆ ಹೇಳಲು ಯಜಮಾನನಿಗೆ ಹೇಳಿದರು.

ಮೊದಲು ಹುಡುಗಿಯ ಬೆರಳಿನ ಅಳತೆ ತೆಗೆದೆ ಎಂದ ಯಜಮಾನ. ಅಳತೆಗೆಂದೇ ಅವನಲ್ಲಿ ಹಿತ್ತಾಳೆ ಉಂಗುರಗಳ ಒಂದು ಗೊಂಚಲಿತ್ತು: ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ, ಕೊಕ್ಕೆಯಿರುವ ದುಂಡು ತಂತಿಗೆ ಪೋಣಿಸಿದ್ದು. ಮೇಲಿದ್ದ ನಂಬರುಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಹಾಗಾಗಿ ಕೊಕ್ಕೆಯ ಪಕ್ಕದ ಚಿಕ್ಕದರಿಂದ ಶುರುಮಾಡಿ, ಎಷ್ಟನೆಯದು ಬೆರಳಿಗೆ ಸರಿಹೋಯಿತೋ ಎಣಿಸಿ ಹೇಳುವುದು ಅವನ ರೂಢಿ. ಹುಡುಗಿಗೆ ಹನ್ನೆರಡನೆಯದು ಸರಿಹೋಯಿತಂತೆ.

"ಆಮೇಲೆ?"

ಆಮೇಲೆ ಜಗಳ. ಹುಡುಗನ ತಾಯಿಗೆ ಕಲ್ಲು ಕೂರಿಸಿದ ದಪ್ಪ ಉಂಗುರ ಬೇಕು. ಕೈಗವಸು ಹರಿಯುತ್ತದೆ, ನರ್ಸಿಗೆ ಸಾದಾ ಉಂಗುರವೇ ಆಗಬೇಕು ಎಂದಳು ಅಕ್ಕ. ಹಾಗಿದ್ದರೆ ಯೋಗ್ಯತೆಯೂ ಸಾದಾನೇ ಎಂದಳು ತಾಯಿ. ಯಜಮಾನ ನಡುವೆ ನಿಂತು ಬೇಡಿಕೊಂಡ. ಹುಡುಗ ಬೆಳಕು ಸಾಲದೆಂದು ಗೊಂಚಲನ್ನು ಕಿಟಕಿಯ ಬಳಿ ಒಯ್ದು, ತಾನೇ ಅಳತೆ ನೋಡಿಕೊಂಡು, ಇಪ್ಪತ್ತೆರಡು ಎಂದು ಕೂಗಿ ಹೇಳಿದ. ಯಜಮಾನ ತಟ್ಟೆಯ ಕಡೆ ತಿರುಗಿದ. ಅಜ್ಜಿಯ ಉಂಗುರದ ಜಾಗ ಖಾಲಿ.

"ಅಷ್ಟೇನಾ?"

ಯಜಮಾನ ನಾಚಿಕೊಂಡ. ಕೂಗಾಟದ ನಡುವೆ ವ್ಯಾಪಾರ ಕೈತಪ್ಪಬಾರದೆಂದು ಹುಡುಗಿಯ ಅಳತೆಯನ್ನು ಇನ್ನೊಮ್ಮೆ ತೆಗೆದಿದ್ದನಂತೆ. ಈ ಸಲ ಹದಿಮೂರು.

"ಕದ್ದ ಬೆರಳು, ಭಯಕ್ಕೆ ಊದಿಕೊಂಡಿದೆ," ಎಂದಳು ಹುಡುಗನ ತಾಯಿ.

ಜಿಗಣೆ ಹುಡುಗಿಯ ಕೈ ಹಿಡಿದು ನೋಡಿದರು. "ಏನಮ್ಮ ನರ್ಸು, ಹೆದರಿದ್ರೆ ಬೆರಳು ಊದುತ್ತಾ?"

"ಇಲ್ಲ. ತಣ್ಣಗಾಗುತ್ತೆ. ಸಣ್ಣಗಾಗುತ್ತೆ."

"ತಣ್ಣಗೇ ಇದೆ," ಎಂದು ಜಿಗಣೆ ಗೊಂಚಲನ್ನೆತ್ತಿಕೊಂಡು ಅವಳ ಬೆರಳಿಗೆ ಹಿಡಿದು ಎಣಿಸಿದರು. ಹದಿಮೂರು. ಆಮೇಲೆ ಹುಡುಗನಿಗೆ ಕೈ ಚಾಚಲು ಹೇಳಿದರು. ಅವನು ಚಾಚಿದ. ಇಪ್ಪತ್ತೆರಡು.

"ನಿಮ್ಮದು ಮಾತ್ರ ಇದ್ದ ಹಾಗೇ ಇದೆ."

"ನಾನ್ಯಾಕೆ ಹೆದರಲಿ?" ಎಂದು ನಕ್ಕ.

ಜಿಗಣೆ ನಗಲಿಲ್ಲ. ಗೊಂಚಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊಕ್ಕೆ ಬಿಡಿಸಿ, ಮೊಟ್ಟಮೊದಲ ಉಂಗುರವನ್ನು ಜಾರಿಸಿ ಮೇಜಿನ ಮೇಲಿಟ್ಟರು. ಹಿತ್ತಾಳೆಯ ನಡುವೆ ಹಳದಿಯಾಗಿ ಸೇರಿಕೊಂಡಿದ್ದದ್ದು ಒಂಟಿಯಾಗಿ ಬಂಗಾರವಾಯಿತು. ಅಜ್ಜಿಯದು ಕಡ್ಡಿಯಂಥ ಬೆರಳು. ಚಿಕ್ಕ ತುದಿಯಲ್ಲಿ ಸಲೀಸಾಗಿ ಕೂತಿತ್ತು. ನಾವೆಲ್ಲ ಅದನ್ನು ನೋಡಿದ್ದೆವು. ಥೂ ನನ್ನ ಕಣ್ಣೇ ಎಂದುಕೊಂಡೆ.

"ತುದಿಗೆ ಒಂದು ಹೆಚ್ಚಾಗಿ ಸೇರಿದ್ರೆ ಎಲ್ಲರ ಲೆಕ್ಕವೂ ಒಂದು ಏರಬೇಕು," ಎಂದರು ಜಿಗಣೆ. "ಇವಳದು ಏರಿತು. ಯಾಕೆಂದ್ರೆ ಇವಳನ್ನ ಮೊದಲು ಅಳೆದಾಗ ಇದು ಗೊಂಚಲಲ್ಲಿ ಇರಲಿಲ್ಲ. ನಿಮ್ಮದು ಏರಲಿಲ್ಲ. ನೀವು ಅಳೆದುಕೊಂಡಾಗ್ಲೇ ಇದು ಅಲ್ಲಿತ್ತು. ಇವಳಿಗೂ ನಿಮಗೂ ನಡುವೆ ಗೊಂಚಲು ಯಾರ ಕೈಯಲ್ಲಿತ್ತು?"

ಯಜಮಾನ ಹುಡುಗನ ಕಡೆ ಬೆರಳು ತೋರಿಸಿದ.

"ಮೊದಲು ಬೆರಳು ಅಳೆದುಕೊಂಡು ಆಮೇಲೆ ಸೇರಿಸಿದ್ದಿದ್ರೆ ಯಾರು ಅಂತ ನನಗೂ ಗೊತ್ತಾಗ್ತಿರಲಿಲ್ಲ. ನಿಮಗೆ ಬಚ್ಚಿಡೋ ಅವಸರ. ಉಂಗುರ ಬೇಕಿರಲಿಲ್ಲ ನಿಮಗೆ, ಅಲ್ವಾ? ನಾಳೆ ನಾಡಿದ್ದು ಯಜಮಾನರಿಗೇ ಸಿಗಲಿ ಅಂತ ಬಿಟ್ಟಿರಿ. ಅಷ್ಟರಲ್ಲಿ ಮದುವೆ ಮುರಿದಿರಬೇಕಿತ್ತು."

ಹುಡುಗ ಒಪ್ಪಿಕೊಂಡ. ಇವಳ ಹಿಂದೆ ವರ್ಷಗಟ್ಟಲೆ ಸುತ್ತಿ, ಕಾಡಿ ಬೇಡಿ ಒಪ್ಪಿಸಿದವನೂ ಇವನೇ. ಈಗ ಮನಸ್ಸಿಲ್ಲ. ಅಮ್ಮನಿಗೆ ಹೇಗೂ ಇವಳು ಹಿಡಿಸಿರಲಿಲ್ಲ, ಬೇಡ ಅನ್ನುವ ಮಾತು ಅವಳ ಬಾಯಿಂದಲೇ ಬರಲಿ ಅಂದುಕೊಂಡೆ, ಬೀದಿಗೆ ಹೋಗಿ ಕೂಗುತ್ತಾಳೆ ಅಂದುಕೊಂಡಿರಲಿಲ್ಲ ಎಂದು ತೊದಲಿದ. ಕೂಗಿದ ಮೇಲಾದರೂ ಬಾಯಿ ಬಿಡಬಹುದಿತ್ತಲ್ಲ, ಹೇಡಿ! ನನ್ನ ಅಂಗೈ ತುರಿಸಿತು.

"ಬೇಡ ಅಂತ ನನಗೇ ಹೇಳಬಹುದಿತ್ತಲ್ಲ," ಎಂದಳು ಹುಡುಗಿ.

"ನೀನು ಬೇಜಾರು ಮಾಡ್ಕೋತಿದ್ದೆ."

ಅಕ್ಕ ಕೈಯೆತ್ತಿದಳು. ಹುಡುಗಿಯೇ ತಡೆದಳು.

ಹುಡುಗನ ತಾಯಿಯ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. ಉಂಗುರವನ್ನು ಪರ್ಸಿಗೆ ಹಾಕಿಕೊಳ್ಳುತ್ತಾ, ಆದದ್ದಾಯಿತು, ಹುಡುಗಾಟ, ಮನೆಯ ವಿಷಯ ಮನೆಯೊಳಗೇ ಇರಲಿ ತಾಯಿ ಎಂದಳು.

"ಕಳ್ಳಿ ಅಂದಿದ್ದು ಮನೆಯೊಳಗಲ್ಲ," ಎಂದು ಹುಡುಗಿ ಹೋಗಿ ಬಾಗಿಲು ತೆರೆದಳು. "ಬಾ. ಇಲ್ಲಿ ನಿಂತು ಹೇಳು."

ಅವನು ತಾಯಿಯ ಮುಖ ನೋಡಿದ. ಆಕೆ ತಟ್ಟೆಯಲ್ಲಿದ್ದ ಉಂಗುರಗಳನ್ನು ನೋಡುತ್ತಿದ್ದಳು. ಜಿಗಣೆ ಎದ್ದು ಅವನ ಹಿಂದೆ ನಿಂತರು. ಕಾಲೆಳೆಯುತ್ತಾ ಹೋದ. ಮೆಟ್ಟಿಲ ಮೇಲೆ ನಿಂತು ಏನೋ ಗೊಣಗಿದ.

"ಅವರಿಗೆ ಕೇಳಿಸಲಿಲ್ಲ," ಎಂದಳು ಹುಡುಗಿ.

"ಇವಳಲ್ಲ," ಎಂದ ಸ್ವಲ್ಪ ಜೋರಾಗಿ. "ಉಂಗುರ ತೆಗೆದಿದ್ದು ಇವಳಲ್ಲ."

ಗೇಟಿನ ಬಳಿಯಿದ್ದ ಹಿರಿಯ ನರ್ಸು ಗುಂಪಿನಿಂದ ಮುಂದೆ ಬಂದು, ರಸ್ತೆಯಾಚೆಯಿಂದಲೇ ಕೇಳಿದಳು. "ಮತ್ತೆ ಯಾರು?"

ಹುಡುಗಿ ಕಾದಳು. ಬಸ್ಸೊಂದು ಹಾದುಹೋಗುವವರೆಗೂ ಕಾದು, ಮತ್ತೆ ಅವನ ಕಡೆ ತಿರುಗಿದಳು.

"ನಾನು," ಎಂದು ಕೂಗಿದ. "ನಾನೇ!"

ಹುಡುಗಿ ಅಕ್ಕನ ಕೈ ಹಿಡಿದುಕೊಂಡು ಅವನ ಪಕ್ಕದಿಂದ ಮೆಟ್ಟಿಲಿಳಿದಳು.