ತೊಡೆಯ ಮೇಲಿನ ಆರು ಗೆರೆ

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲು. ಕೆರೆ ಪಕ್ಕದ ರಸ್ತೆಯ ತಿರುವಿನಲ್ಲಿ ಡ್ರಿಲ್ ಮೇಷ್ಟ್ರು ಸತ್ತು ಬಿದ್ದಿದ್ದರು. ಸುತ್ತ ಇಪ್ಪತ್ತು ಜನ. ಅವರಲ್ಲಿ ಒಂಬತ್ತು ಮಂದಿ ಮೊಬೈಲ್ ಎತ್ತಿ ಹಿಡಿದಿದ್ದರು. ಒಬ್ಬ ಒಳ್ಳೆಯ ಕೋನ ಹುಡುಕಿಕೊಂಡು ಚರಂಡಿಯ ದಂಡೆಯ ಮೇಲೆ ಹತ್ತಿ ನಿಂತಿದ್ದ.

ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದಳು. ಹೆಣದ ಹತ್ತಿರ ಹೋಗುವ ಮೊದಲು ಚರಂಡಿಯ ಕಡೆ ನಡೆದಳು.

"ಇಳಿಯಯ್ಯಾ ಕೆಳಗೆ," ಎಂದಳು. ಅವನು ಇಳಿದ. ಮೊಬೈಲ್ ಮಾತ್ರ ಇಳಿಯಲಿಲ್ಲ.

ಮೇಷ್ಟ್ರಿಗೆ ಅರವತ್ತೆಂಟು ವರ್ಷ. ರಿಟೈರಾಗಿ ಎಂಟು ವರ್ಷವಾದರೂ ದಿನಾ ಬೆಳಿಗ್ಗೆ ಬಿಳಿ ಚಡ್ಡಿ ತೊಟ್ಟು ಕೆರೆಯ ಸುತ್ತ ಎರಡು ರೌಂಡು ಬೀಸುನಡಿಗೆ ಹೊಡೆಯುತ್ತಿದ್ದರು. ಈಗ ಆ ಚಡ್ಡಿಯಲ್ಲಿ ಬಿಳಿ ಹುಡುಕಬೇಕಿತ್ತು. ಬಲತೊಡೆ ಒಡೆದು ತೆರೆದುಕೊಂಡಿತ್ತು.

"ಕೇಸ್ ಮುಗೀತು ಮೇಡಂ," ಎಂದ ಮೀಸೆ. ಮೀಸೆ ಎಂದರೆ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. "ಹಾಲಿನ ಗಾಡಿ ಡ್ರೈವರ್ರು. ಮೈಯೆಲ್ಲಾ ರಕ್ತ. ಜನಾನೇ ಹಿಡಿದುಕೊಟ್ರು."

ಡ್ರೈವರ್ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಖ ಊದಿ ಬನ್ನಿನಂತಾಗಿತ್ತು. "ನಾನು ಗುದ್ದಿಲ್ಲ ಮೇಡಂ. ಬಿದ್ದಿದ್ರು ಅಂತ ನಿಲ್ಲಿಸ್ದೆ. ತಲೆ ತೊಡೆ ಮೇಲೆ ಇಟ್ಕೊಂಡೆ. ಅಷ್ಟೊತ್ತಿಗೆ ಉಸಿರು ನಿಂತಿತ್ತು."

"ಇವನ ಮುಖಕ್ಕೆ ಏನಾಯ್ತು ಮೀಸೆ?"

"ಜನ ಮೇಡಂ..."

"ಜನರ ಉಂಗುರದ ಗುರುತು ನಿಮ್ಮ ಉಂಗುರದ ಥರಾನೇ ಇದೆಯಲ್ಲ?"

ಮೀಸೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

* * *

ಸೋಮವಾರ ಶವಪರೀಕ್ಷೆ. ಅದನ್ನು ಮಾಡುವ ಡಾಕ್ಟರಮ್ಮ ಮಾತಿನಲ್ಲಿ ಬಹಳ ಜಿಪುಣಿ. ಅಂದು ಮಾತ್ರ ಇನ್ಸ್‌ಪೆಕ್ಟರನ್ನು ಅವರೇ ಕರೆಸಿಕೊಂಡರು.

"ತೊಡೆಯ ದೊಡ್ಡ ರಕ್ತನಾಳ ಹರಿದಿದೆ. ರಕ್ತ ಸೋರಿಯೇ ಸತ್ತಿದಾರೆ. ಅದು ಸರಿ. ಇಲ್ಲಿ ನೋಡಿ."

ಗಾಯದ ನಾಲ್ಕು ಬೆರಳು ಮೇಲೆ ತೊಡೆಯ ಸುತ್ತ ಒಂದು ಪಟ್ಟಿ. ಹೆಬ್ಬೆರಳಿನಷ್ಟು ಅಗಲ. ಪಟ್ಟಿಯೊಳಗೆ ತಲೆ ಬಾಚಿದಂತೆ ಸಾಲಾಗಿ ಸಣ್ಣ ಗೆರೆಗಳು. ಇನ್ಸ್‌ಪೆಕ್ಟರ್ ಎಣಿಸಿದಳು. ಆರು.

"ಏನಿದು?"

"ಯಾರೋ ಕಟ್ಟು ಹಾಕಿದಾರೆ. ಬಿಗಿಯಾಗಿ, ಸರಿಯಾದ ಜಾಗಕ್ಕೆ, ತಿರುಚಿ. ಗೊತ್ತಿದ್ದವರ ಕೈ. ರಕ್ತ ನಿಂತಿದೆ ಕೂಡ. ಒಂದು ಏಳೆಂಟು ನಿಮಿಷ ಇತ್ತು ಅನ್ಸುತ್ತೆ."

"ಆಮೇಲೆ?"

ಡಾಕ್ಟರಮ್ಮ ಕೈಗವಸು ಕಳಚಿದರು. "ಆಮೇಲೆ ಬಿಚ್ಚಿದಾರೆ."

ಇನ್ಸ್‌ಪೆಕ್ಟರಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುರ್ಚಿ ಹುಡುಕಿ ಕೂತಳು. ಗುದ್ದಿ ಓಡಿಹೋಗುವವರನ್ನು ಅವಳು ಕಂಡಿದ್ದಳು. ಉಳಿಸಿ, ಆಮೇಲೆ ಬೇಡವೆಂದು ಕೊಂದವನನ್ನು ಕಂಡಿರಲಿಲ್ಲ.

"ಬಿಚ್ಚದೇ ಇದ್ದಿದ್ರೆ?"

"ಇವತ್ತು ಆಸ್ಪತ್ರೆ ಊಟಕ್ಕೆ ಉಪ್ಪಿಲ್ಲ ಅಂತ ಬೈಕೊಂಡು ಮಲಗಿರ್ತಿದ್ರು."

ಹೊರಗೆ ಬಂದು ಅವಳು ಮಾಡಿದ ಮೊದಲ ಕೆಲಸ ಠಾಣೆಗೆ ಫೋನು. "ಹಾಲಿನವನನ್ನ ಬಿಡ್ರಿ. ಬರೀ ಬಿಡೋದಲ್ಲ, ಮನೆ ತನಕ ಬಿಟ್ಟುಬನ್ನಿ."

* * *

ತಿರುವಿನ ಎದುರು ಒಂದು ಟೈಲರ್ ಅಂಗಡಿ. ಅಂಗಡಿಯ ಹೆಂಗಸು ಭಾನುವಾರವೂ ಬೇಗ ಬಾಗಿಲು ತೆಗೆಯುತ್ತಿದ್ದಳು. ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿದ್ದಳು, ಏನೂ ನೋಡಿರಲಿಲ್ಲ. ಆದರೆ ಕೇಳಿಸಿತ್ತು.

"ಆರು ಗಂಟೆ ಹೊತ್ತಿಗೆ ಮೇಡಂ. ಹಲ್ಲು ಕೊರೀತಾರಲ್ಲ, ಆ ಮೆಷಿನ್ ಥರ. ಕೀಂ ಅಂತ ಏರ್ತಾ ಏರ್ತಾ ಬಂತು. ಧಡ್ ಅಂತು. ನಿಂತುಹೋಯ್ತು. ಗಾಡಿ ಕೆಟ್ಟಿತೇನೋ ಅಂತ ಸುಮ್ಮನಾದೆ."

"ಗಾಡಿ ಸದ್ದಾ?"

"ಗಾಡಿ ಸದ್ದೂ ಇತ್ತು. ಅದರ ಮೇಲೆ ಈ ಸದ್ದು."

ಇನ್ಸ್‌ಪೆಕ್ಟರ್ ನೆಟ್ಟಗೆ ಊರಿನ ಹಳೇ ಗ್ಯಾರೇಜಿಗೆ ಹೋದಳು. ಅಲ್ಲಿನ ಮೆಕ್ಯಾನಿಕ್ಕು ಕಾರಿನ ಅಡಿಯಿಂದಲೇ ಉತ್ತರ ಕೊಟ್ಟ.

"ಸೂಪರ್‌ಚಾರ್ಜರ್ರು ಮೇಡಂ. ಎಂಜಿನ್ ಬಾಯಿಗೆ ಗಾಳಿ ತುರುಕೋ ಪಂಪು. ಎಂಜಿನ್ನಿನ ಬೆಲ್ಟಿಗೇ ಹೊಂದಿಕೊಂಡು ತಿರುಗುತ್ತೆ, ಅದಕ್ಕೇ ಆ ಕೂಗು."

"ಊರಲ್ಲಿ ಯಾರ ಗಾಡೀಲಿದೆ?"

"ಯಾರ ಗಾಡೀಲೂ ಇಲ್ಲ. ಮೂಳೆ ಡಾಕ್ಟ್ರು ತರಿಸಿದಾರೆ, ಅವರ ಕೆಂಪು ಸ್ಪೋರ್ಟ್ಸ್ ಕಾರಿಗೆ. ನಾನು ಹಾಕಿಕೊಡ್ತೀನಿ ಅಂದೆ. ಮೂಳೆ ಜೋಡಿಸೋ ಕೈಗೆ ಇದ್ಯಾವ ಲೆಕ್ಕ, ಮನೇಲೇ ಹಾಕ್ತೀನಿ ಅಂದ್ರು." ಅವನು ತೆವಳಿ ಹೊರಬಂದ. "ಅದನ್ನ ಹಾಕಿದ್ರೆ ಹಳೇ ಬೆಲ್ಟ್ ಸಾಲಲ್ಲ. ಉದ್ದಂದು ಬೇಕು."

"ಬೆಲ್ಟು ಹೇಗಿರುತ್ತೆ?"

ಮೊಳೆಗೆ ನೇತುಹಾಕಿದ್ದ ಒಂದನ್ನು ತೆಗೆದು ಕೊಟ್ಟ. ಕಪ್ಪು ರಬ್ಬರು. ಹೆಬ್ಬೆರಳಿನಷ್ಟು ಅಗಲ. ಒಳಮೈಯಲ್ಲಿ ಉದ್ದಕ್ಕೂ ಎದ್ದ ಗೆರೆಗಳಂಥ ಏಣುಗಳು.

ಅವಳು ಎಣಿಸಿದಳು.

* * *

ಮಂಗಳವಾರ ಮಧ್ಯಾಹ್ನ. ಮೂಳೆ ಡಾಕ್ಟರ ಮನೆಯ ಷೆಡ್ಡು ಆಪರೇಷನ್ ಥಿಯೇಟರಿನಷ್ಟೇ ಚೊಕ್ಕಟವಾಗಿತ್ತು. ಪಾನಾಗಳು ಗಾತ್ರದ ಪ್ರಕಾರ ಗೋಡೆಯ ಮೇಲೆ. ತಟ್ಟೆಗಳಲ್ಲಿ ಬೋಲ್ಟುಗಳು, ಪ್ರತಿ ತಟ್ಟೆಗೂ ಚೀಟಿ. ನಡುವೆ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೆಂಪು ಕಾರು, ಮುಂದಿನ ಬಂಪರ್ ಇಲ್ಲದೆ ಹಲ್ಲು ಕಿತ್ತ ಬಾಯಿಯಂತೆ.

"ಬನ್ನಿ ಇನ್ಸ್‌ಪೆಕ್ಟ್ರೇ! ಕೈ ಹೇಗಿದೆ?" ಎಂದರು ಡಾಕ್ಟರು. ಎರಡು ವರ್ಷದ ಹಿಂದೆ ಅವಳ ಮಣಿಕಟ್ಟಿಗೆ ಪ್ಲೇಟು ಕೂರಿಸಿದ್ದು ಅವರೇ. ಒಳ್ಳೆಯ ಕೆಲಸ, ಒಂದು ದಿನವೂ ನೋಯಲಿಲ್ಲ.

"ಚೆನ್ನಾಗಿದೆ ಡಾಕ್ಟ್ರೇ. ಕಾರು ಯಾವಾಗಿಂದ ಹೀಗೆ ನಿಂತಿದೆ?"

"ಶುಕ್ರವಾರ ಸಂಜೆಯಿಂದ. ಕೆಲಸ ಶುರು ಮಾಡ್ದೆ, ಆಮೇಲೆ ಪುರುಸೊತ್ತೇ ಆಗಿಲ್ಲ. ಪಂಪು, ರೇಡಿಯೇಟರ್ ಎಲ್ಲಾ ಇನ್ನೂ ಬಾಕ್ಸಲ್ಲೇ ಇದೆ."

ಡಾಕ್ಟರ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಯಾರೂ ಕೇಳದೆಯೇ ಹೇಳಿದಳು, "ಶುಕ್ರವಾರ ಸಂಜೆಯಿಂದ ಹೀಗೇ ಇದೆ. ಎಲ್ಲಾ ಇನ್ನೂ ಬಾಕ್ಸಲ್ಲೇ ಇದೆ." ಪದ್ಯ ಒಪ್ಪಿಸಿದ ಹಾಗಿತ್ತು.

"ಬಂಪರ್ ಯಾಕೆ ಬಿಚ್ಚಿದ್ದು?"

"ಈ ಪಂಪು ಗಾಳಿಯನ್ನ ಬಿಸಿ ಮಾಡುತ್ತೆ. ತಣ್ಣಗೆ ಮಾಡೋಕೆ ಮುಂದೆ ಇನ್ನೊಂದು ಚಿಕ್ಕ ರೇಡಿಯೇಟರ್ ಕೂರಿಸ್ಬೇಕು. ಬಂಪರ್ ಬಿಚ್ಚದೆ ಆಗಲ್ಲ. ಬಿಚ್ಚಿದ ಮೇಲೆ ಹೇಗೂ ಇರ್ಲಿ ಅಂತ ಬಣ್ಣ ಹೊಡೆದೆ." ಗೋಡೆಗೆ ಒರಗಿದ್ದ ಬಂಪರಿನಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು. ಪುರುಸೊತ್ತಿಲ್ಲದವರಿಗೆ ಬಣ್ಣ ಹೊಡೆಯಲು ಪುರುಸೊತ್ತು ಸಿಕ್ಕಿತ್ತು.

ಜೊತೆಗೆ ಬಂದಿದ್ದ ಮೀಸೆಯ ಮುಖ ಸಪ್ಪಗಾಯಿತು. ಬಿಚ್ಚಿಟ್ಟ ಕಾರು ರಸ್ತೆಗೆ ಇಳಿಯುವುದು ಹೇಗೆ?

"ಬಾಕ್ಸ್ ತೆಗೀರಿ," ಎಂದಳು ಇನ್ಸ್‌ಪೆಕ್ಟರ್.

"ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತೆ..."

"ಹೋಗ್ಲಿ."

ಮೀಸೆ ಟೇಪು ಕೊಯ್ದ. ಅದರ ಕೆಳಗೆ ಇನ್ನೊಂದು ಟೇಪಿತ್ತು, ಅದನ್ನು ಆಗಲೇ ಯಾರೋ ಕೊಯ್ದಿದ್ದರು. ಇನ್ಸ್‌ಪೆಕ್ಟರ್ ಪುಟ್ಟ ರೇಡಿಯೇಟರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೊಳೆಯುವ ತಗಡಿನ ಸಣ್ಣ ಸಣ್ಣ ಸಂದಿಗಳು. ಸಂದಿಗಳಲ್ಲಿ ಸೊಳ್ಳೆ, ನುಸಿ, ಒಂದು ಅರೆಚಿಟ್ಟೆ. ನುಚ್ಚಾಗಿ, ಅಂಟಿಕೊಂಡು. ಕೆರೆಯ ಪಕ್ಕ ಬೆಳಿಗ್ಗೆ ಮೋಡದಂತೆ ಏಳುವ ಅದೇ ಹುಳುಗಳು.

"ಬಾಕ್ಸೊಳಗೆ ಗಂಟೆಗೆ ಎಷ್ಟು ಕಿಲೋಮೀಟರ್ ಓಡಿತು ಡಾಕ್ಟ್ರೇ, ನಿಮ್ಮ ರೇಡಿಯೇಟರ್?"

ಡಾಕ್ಟರು ಒಂದು ತಟ್ಟೆಯ ಬೋಲ್ಟುಗಳನ್ನು ಸಾಲಾಗಿ ಜೋಡಿಸತೊಡಗಿದರು.

"ನೀವು ಎಲ್ಲಾ ಹಾಕಿ ಮುಗಿಸಿದ್ರಿ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೇಲಿ ಓಡಿಸಿ ನೋಡೋಕೆ ಹೋದ್ರಿ. ತಿರುವಲ್ಲಿ ಮೇಷ್ಟ್ರಿಗೆ ಗುದ್ದಿದ್ರಿ. ವಾಪಸ್ ಬಂದು ಹಾಕಿದ್ದನ್ನೆಲ್ಲ ಬಿಚ್ಚಿ ಬಾಕ್ಸಿಗೆ ತುಂಬಿದ್ರಿ. ಬಂಪರ್ ತೊಳೆದ್ರಿ, ಬಣ್ಣ ಹೊಡೆದ್ರಿ. ಹುಳ ಮಾತ್ರ ಕಣ್ಣಿಗೆ ಬೀಳಲಿಲ್ಲ."

ಅವಳು ಎಂಜಿನ್ನಿನ ಮೇಲೆ ಬಗ್ಗಿದಳು. ಎಲ್ಲೆಲ್ಲೂ ಎಣ್ಣೆಯ ಪಸೆ, ಧೂಳು. ಹಳೇ ಬೆಲ್ಟು ಮಾತ್ರ ಮಿಂದು ಬಂದವರ ಹಾಗೆ ಶುಭ್ರವಾಗಿತ್ತು. ಮೂಗನ್ನು ಹತ್ತಿರ ಒಯ್ದಳು. ಸೋಪಿನ ವಾಸನೆ.

ಅವಳು ಶವಪರೀಕ್ಷೆಯ ಫೋಟೋ ತೆಗೆದು ಬೆಲ್ಟಿನ ಪಕ್ಕ ಇಟ್ಟಳು. ಆರು ಗೆರೆ. ಆರು ಏಣು.

"ಉದ್ದಂದು ಹಾಕಿದ ಮೇಲೆ ಈ ಹಳೇ ಬೆಲ್ಟು ಕಾರಿನ ಡಿಕ್ಕಿಯಲ್ಲಿತ್ತು. ಇದನ್ನೇ ಅವರ ತೊಡೆಗೆ ಬಿಗಿದ್ರಿ. ಆಮೇಲೆ ಬಿಚ್ಚಿಕೊಂಡು ಬಂದು, ತೊಳೆದು, ಎಂಜಿನ್ನಿಗೆ ವಾಪಸ್ ಹಾಕಿದ್ರಿ. ಲ್ಯಾಬಿಗೆ ಹೋಗ್ಲಿ. ಇಷ್ಟು ಸಂದೀಲಿ ಒಂದನ್ನಾದ್ರೂ ನಿಮ್ಮ ಸೋಪು ಬಿಟ್ಟಿರುತ್ತೆ."

ಬಾಗಿಲ ಬಳಿಯಿಂದ ಹೆಂಡತಿ, "ನಾನು ಟೇಪ್ ಹಿಡ್ಕೊಂಡಿದ್ದೆ, ಅಷ್ಟೇ," ಎಂದಳು. "ಬೇರೇನೂ ಮಾಡಿಲ್ಲ."

* * *

ಠಾಣೆಯಲ್ಲಿ ಡಾಕ್ಟರು ಅಳಲಿಲ್ಲ. ರೋಗಿಯ ವಿಷಯ ಹೇಳುವಂತೆ ಕ್ರಮವಾಗಿ ಹೇಳಿದರು. ಮೀಸೆ ಬರೆದುಕೊಂಡ.

"ಗಾಡಿ ತಿರುವು ದಾಟಿ ನಿಂತಿತು. ಮೊದಲು ಬಂಪರ್ ನೋಡ್ದೆ. ಆಮೇಲೆ ಹಿಂದೆ ನಡಕೊಂಡು ಬಂದು ಕಾಲು ನೋಡ್ದೆ. ಬೆಲ್ಟು ತಂದು ಕಟ್ಟಿ, ಪಾನಾ ತೂರಿಸಿ ತಿರುಚಿದೆ. ರಕ್ತ ನಿಂತಿತು."

"ನಿಮ್ಮ ಗುರುತು ಸಿಕ್ತಾ ಅವರಿಗೆ?"

"ಡಾಕ್ಟ್ರು ಅಂತ ಸಿಕ್ತು. ಗುದ್ದಿದ್ದು ನಾನು ಅಂತ ಗೊತ್ತಾಗಲಿಲ್ಲ. ಹಿಂದಿನಿಂದ ತಗುಲಿತ್ತಲ್ಲ."

"ಏನಾದ್ರೂ ಹೇಳಿದ್ರಾ?"

ಡಾಕ್ಟರು ಮೊದಲ ಸಲ ತಡವರಿಸಿದರು. "ಗುದ್ದಿದೋನು ಓಡಿಹೋದ, ನೀವಾದ್ರೂ ನಿಂತ್ರಲ್ಲ ಡಾಕ್ಟ್ರೇ ಅಂದ್ರು. ನನ್ನ ಕೈ ಹಿಡ್ಕೊಂಡ್ರು."

ಮೀಸೆಯ ಪೆನ್ನು ನಿಂತಿತು.

"ಮತ್ಯಾಕೆ?" ಎಂದಳು ಇನ್ಸ್‌ಪೆಕ್ಟರ್.

"ಆಂಬುಲೆನ್ಸಿನವರು ಬೆಲ್ಟ್ ನೋಡ್ತಾರೆ. ಅದರ ಮೇಲೆ ಕಂಪನಿ ನಂಬರಿರುತ್ತೆ. ಅಂಥ ಗಾಡಿ ಊರಲ್ಲಿ ನಂದೊಂದೇ, ಬಂಪರ್ ನೋಡಿದ್ರೆ ಮುಗೀತು. ಮುಂದಿನ ತಿಂಗಳು ನನ್ನ ಹೊಸ ಆಸ್ಪತ್ರೆ ಶುರುವಾಗೋದಿತ್ತು." ಅದೇ ಧ್ವನಿಯಲ್ಲಿ ಸೇರಿಸಿದರು, "ಬಿಚ್ಚೋವಾಗ, ಸಡಿಲ ಮಾಡ್ತಿದೀನಿ ಅಂದೆ. ನೋವು ಕಡಿಮೆ ಆಯ್ತು ಅಂದ್ರು."

ಮೀಸೆ ಎದ್ದು ಹೊರಗೆ ಹೋದ. ಅಂಗಳದ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು. ಉಳಿದಿದ್ದನ್ನು ಇನ್ಸ್‌ಪೆಕ್ಟರೇ ಬರೆದಳು. ಬರೆದು ಹೇಳಿಕೆಯನ್ನು ಡಾಕ್ಟರ ಮುಂದೆ ಸರಿಸಿ, ತನ್ನ ಪೆನ್ನು ಕೊಟ್ಟಳು.

ಡಾಕ್ಟರು ಪೂರ್ತಿ ಓದಿದರು. ಎರಡನೆಯ ಪುಟದಲ್ಲಿ ನಿಂತರು.

"ಇಲ್ಲಿ 'ರಕ್ತನಾಳ' ಅಂತ ಬರೆದಿದೀರಿ. 'ಅಪಧಮನಿ' ಅಂತ ಆಗ್ಬೇಕು. ಕೋರ್ಟಿನಲ್ಲಿ ತಪ್ಪಾಗಿ ಓದ್ತಾರೆ."

ಆ ಪದವನ್ನು ಹೊಡೆದುಹಾಕಿ ಮೇಲೆ ದುಂಡಗೆ ತಿದ್ದಿದರು. ಇನ್ನೊಂದು ಕಡೆ ಅಲ್ಪವಿರಾಮ ಹಾಕಿದರು. ಸಹಿ ಮಾಡಿದರು. ಪೆನ್ನಿಗೆ ಮುಚ್ಚಳ ಹಾಕಿ, ಸೌಜನ್ಯದಿಂದ ಅವಳತ್ತ ಚಾಚಿದರು.

ಇನ್ಸ್‌ಪೆಕ್ಟರ್ ಹಾಳೆಗಳನ್ನು ಮಾತ್ರ ತೆಗೆದುಕೊಂಡಳು.