ಹಗಲ ಬೆಳಕೇ ಸಾಕು

ಅವನ ಅಂಗೈ ನೇರವಾಗಿ ಬಂದು ಕ್ಯಾಮೆರಾದ ಲೆನ್ಸಿಗೆ ಅಡ್ಡ ನಿಂತಿತು.

“ಬ್ಯಾಡ್ರಿ. ನಮ್ಮವ್ವನ ಫೋಟೋ ತೆಗೀಬ್ಯಾಡ್ರಿ.”

ಮದುವೆಯ ಫೋಟೋ ತೆಗೆಯಲು ಬಂದಿದ್ದ ಅಖಿಲಾ ಕ್ಯಾಮೆರಾ ಇಳಿಸಿ ಅವನ ಮುಖ ನೋಡಿದಳು. ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್ಲು, ಹಣೆಗೆ ಭಂಡಾರದ ಅರಿಶಿನ. ಮದುಮಗಳು ರೇಷ್ಮಾಳ ಅಣ್ಣ ನರೇಂದ್ರ. ಬೆಳಗಿನಿಂದ ಅಡುಗೆಯವರು, ಬ್ಯಾಂಡಿನವರು, ಬೀಗರು ಎಂದು ಓಡಾಡುತ್ತಾ ಎಲ್ಲರ ಜೊತೆ ಮೆತ್ತಗೆ ಮಾತಾಡುತ್ತಿದ್ದವನು... ಈಗ ಅವನ ಕಣ್ಣಲ್ಲಿ ಬೇರೆಯೇ ಬಿರುಸು.

ಗದ್ವಾಲದ ಆ ಮದುವೆ ಮಂಟಪದಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದು ಆಗಿತ್ತು. ಹೆಣ್ಣಿನ ಕಡೆಯವರು ಫೋಟೋಕ್ಕೆ ನಿಂತಾಗ ಹಡೆದ ತಾಯಿಯೇ ಇಲ್ಲದ್ದು ಅಖಿಲಾಳ ಗಮನಕ್ಕೆ ಬಂದಿತ್ತು. ಹುಡುಕಿದರೆ ಆಶಮ್ಮ ಊಟದ ಕೋಣೆಯ ಪರದೆಯ ಹಿಂದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗಳನ್ನೇ ನೋಡುತ್ತ ನಿಂತಿದ್ದಳು. ಗಂಡ ತೀರಿಕೊಂಡು ಆರು ವರ್ಷವಾಗಿದ್ದ ಹೆಂಗಸು.

ಅಖಿಲಾಗೆ ಇನ್ನೇನು ತಿಳಿಯಬೇಕಿತ್ತು? ಇಂಥ ಮದುವೆಗಳನ್ನು ಅವಳು ಎಷ್ಟು ನೋಡಿಲ್ಲ! ಗಂಡ ಸತ್ತವಳು ಶುಭ ಕಾರ್ಯದಲ್ಲಿ ಮುಂದೆ ಬರಬಾರದು. ಫೋಟೋದಲ್ಲೂ ಕಾಣಬಾರದು.

“ಯಾಕ ತೆಗೀಬಾರದ್ರಿ? ಆಕಿ ಹಡದಾಕಿ ಅಲ್ಲೇನು?”

“ಅದೆಲ್ಲ ನಿಮಗ ಹೇಳಾಕ ಆಗಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ.”

“ಓದಿದವರು ನೀವು. ಹಡದವ್ವನ್ನ ಪರದೆ ಹಿಂದ ನಿಲ್ಲಿಸಿ ತಂಗಿ ಲಗ್ನ ಮಾಡಾಕ ನಾಚಿಕಿ ಬರಂಗಿಲ್ಲೇನು?”

ವರನ ತಂದೆ ಮೊಗುಲಪ್ಪ ಕುರ್ಚಿಯಲ್ಲೇ ತಿರುಗಿ ನೋಡಿದ. ನರೇಂದ್ರನ ಮುಖದ ರಕ್ತವೆಲ್ಲ ಇಳಿದು ಹೋಯಿತು. ತಲೆ ತಗ್ಗಿಸಿ ಹೋಗಿ ಪರದೆಯ ಪಕ್ಕದಲ್ಲಿ ನಿಂತುಬಿಟ್ಟ.

ಕೊನೆಗೆ ಆ ಫೋಟೋದಲ್ಲಿ ತಾಯಿಯೂ ಇರಲಿಲ್ಲ, ಅಣ್ಣನೂ ಇರಲಿಲ್ಲ.

ಆದರೆ ಆ ಅಂಗೈ ಅಡ್ಡ ಬರುವ ಮೊದಲೇ ಅಖಿಲಾ ದೂರದಿಂದ, ಫ್ಲ್ಯಾಶ್ ಹಾಕದೆ, ಒಂದು ಚಿತ್ರ ತೆಗೆದಿದ್ದಳು. ಪರದೆಯ ಸಂದಿಯಲ್ಲಿ ಆಶಮ್ಮನ ಒದ್ದೆ ಕಣ್ಣು. ಮರುದಿನ ಅದನ್ನು ತನ್ನ ಸ್ಟುಡಿಯೋದ ಪೇಜಿಗೆ ಹಾಕಿದಳು. ಕೆಳಗೆ ಒಂದೇ ಸಾಲು: ಮಗಳ ಮದುವೆಯಲ್ಲಿ ತಾಯಿಗೆ ಪರದೆಯ ಹಿಂದಿನ ಜಾಗ, ನಿಲ್ಲಿಸಿದವನು ಹೊಟ್ಟೆಯಲ್ಲಿ ಹುಟ್ಟಿದ ಮಗ.

ನಾಲ್ಕೇ ದಿನದಲ್ಲಿ ಅದು ಗದ್ವಾಲದಿಂದ ಮಕ್ತಲಕ್ಕೆ, ಮಕ್ತಲದಿಂದ ನಾರಾಯಣಪೇಟೆಗೆ ಫೋನಿನಿಂದ ಫೋನಿಗೆ ಹಾರಿತು. ಧೈರ್ಯದ ಹುಡುಗಿ ಎಂದು ಜನ ಹೊಗಳಿದರು. ಅಖಿಲಾಗೂ ಹೆಮ್ಮೆಯೆನಿಸಿತು.

ಧೈರ್ಯ ಅವಳಿಗೆ ಹೊಸದೇನಲ್ಲ. ಅಪ್ಪ ಕುರುಮಯ್ಯ ಕುರಿ ಕಾಯುವವನು. ಹೆಣ್ಣುಮಗಳು ಕ್ಯಾಮೆರಾ ಹಿಡಿದು ಊರೂರು ತಿರುಗುವುದೇ ಎಂದು ಬಂಧುಗಳು ಕೇಳಿದಾಗಲೆಲ್ಲ ಅವನು ಮಗಳ ಪರ ನಿಂತಿದ್ದ. ನೋಡಲು ಬಂದ ನಾಲ್ಕು ಗಂಡುಗಳೂ ಈ ಕೆಲಸ ಬಿಡಬೇಕೆಂದರು. ನಾಲ್ವರಿಗೂ ಅವಳೇ ಚಹಾ ಕೊಟ್ಟು ಕಳಿಸಿದ್ದಳು.

*

ಆಲ್ಬಂ ಸಿದ್ಧವಾಗಿ ವಾರ ಕಳೆದರೂ ಒಯ್ಯಲು ಯಾರೂ ಬರಲಿಲ್ಲ. ಅಖಿಲಾ ತಾನೇ ಸ್ಕೂಟಿ ಹತ್ತಿ ಆಶಮ್ಮನ ಊರು ರಾಜೋಳಿಗೆ ಹೊರಟಳು.

ಆಶಮ್ಮ ಅಂಗಳದ ಬೇವಿನ ನೆರಳಲ್ಲಿ ಉಣ್ಣೆ ನೂಲುತ್ತಿದ್ದಳು. ಗುರುತು ಹಿಡಿದಳು, ಬೈಯಲಿಲ್ಲ. ನೀರು ಕೊಟ್ಟು, ಆಲ್ಬಂ ಅನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆಯ ಮೇಲೆ ಕೈಯಾಡಿಸಿದಳು. ಮನೆಯವರೆಲ್ಲ ನಿಂತ ಫೋಟೋ ಬಂದಾಗ ಬೆರಳು ನಿಂತಿತು. ನನ್ನ ನರೇಂದ್ರ ಎಲ್ಲಿ ಎಂದು ಕೇಳಿದಳು.

ಅವನು ಪರದೆ ಹತ್ತಿರ ನಿನ್ನನ್ನು ಕಾಯುತ್ತ ನಿಂತಿದ್ದನಲ್ಲ ಎಂದಳು ಅಖಿಲಾ. ಮಾತಿನಲ್ಲಿದ್ದ ಚುಚ್ಚನ್ನು ಮುಚ್ಚಿಡಲೂ ಇಲ್ಲ.

“ಕಾಯತಿದ್ದ, ಖರೆ ಐತವ್ವ,” ಆಶಮ್ಮ ಹಾಳೆಯಿಂದ ಕಣ್ಣೆತ್ತದೆ ಹೇಳಿದಳು. “ಫಳ್ ಫಳ್ ಬೆಳಕು ಕಣ್ಣಿಗೆ ಬಿದ್ರ ನನಗ ಫಿಟ್ಸ್ ಬರ್ತಾವ. ಬಿದ್ದು ಒದ್ದಾಡತೀನಿ. ಬೀಗರಿಗೆ ಗೊತ್ತಾದ್ರ, ಅವ್ವಗ ಐತಿ ಮಗಳಿಗೂ ಬರ್ತೈತಿ ಅಂತ ಲಗ್ನ ಮುರದು ಹೋಗ್ತಿತ್ತು. ಯಾರ ಮುಂದೂ ಹೇಳಬ್ಯಾಡ ಅಂತ ನಾನಾ ಅವನ ಕಡಿಂದ ಆಣಿ ಮಾಡಿಸಿಕೊಂಡೆ.”

ಅಖಿಲಾ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

ಅಂದು ಅವಳ ಕ್ಯಾಮೆರಾದ ಮೇಲೆ ದೊಡ್ಡ ಫ್ಲ್ಯಾಶ್ ಇತ್ತು. ಆ ಅಂಗೈ ಅಡ್ಡ ಬರದಿದ್ದರೆ, ಸಾವಿರ ಜನರ ಮುಂದೆ ಈ ತಾಯಿ ನೆಲಕ್ಕೆ ಬೀಳುತ್ತಿದ್ದಳು. ಬೀಳಿಸಿದವಳು ನಾನೇ ಆಗುತ್ತಿದ್ದೆ... ಒಂದು ಮಾತು ಹೇಳಿದ್ದರೆ ಅವನು ಪಾರಾಗುತ್ತಿದ್ದ. ಹೇಳಲಿಲ್ಲ. ತಾಯಿಗಾಗಿ, ತಂಗಿಗಾಗಿ ನನ್ನಿಂದ ಬೈಸಿಕೊಂಡ. ನಾನು ಅವನನ್ನು ಊರಿಗೆಲ್ಲ ತೋರಿಸಿದೆ.

ಅಷ್ಟರಲ್ಲಿ ನರೇಂದ್ರ ಬೈಕಿನಲ್ಲಿ ಬಂದ. ಪಶು ದವಾಖಾನೆಯಲ್ಲಿ ಅವನಿಗೆ ಕೆಲಸ, ಹಿಂದೆ ಲಸಿಕೆಯ ಡಬ್ಬಿ ಕಟ್ಟಿತ್ತು. ಅವಳನ್ನು ಕಂಡು ಬಾಗಿಲಲ್ಲೇ ನಿಂತ.

ಅಖಿಲಾ ಎದ್ದಳು. “ತಪ್ಪಾತ್ರಿ. ನನಗ ಗೊತ್ತಿರಲಿಲ್ಲ. ಆ ಫೋಟೋ ಈಗಾ ಅಳಸತೀನಿ.”

“ಅಳಸ್ರಿ,” ಎಂದ ಅವನು. “ಮಂದಿ ಮನಸಿನ್ಯಾಗಿಂದು ಹ್ಯಾಂಗ ಅಳಸತೀರಿ?”

ಆ ಮಾತಿನಲ್ಲಿ ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಬರೀ ದಣಿವಿತ್ತು.

ಊರು ದಾಟಿದ ಮೇಲೆ ಸ್ಕೂಟಿ ನಿಲ್ಲಿಸಿ ಅವಳು ಅತ್ತಳು. ಆಮೇಲೆ ಓಢಣಿಯಿಂದ ಮುಖ ಒರೆಸಿಕೊಂಡಳು. ಅತ್ತರೆ ಸರಿಹೋಗುವ ಕೆಲಸವಲ್ಲ ಇದು. ಕೆಡಿಸಿದವಳು ನಾನು, ನಾನೇ ಸರಿಮಾಡಬೇಕು.

*

ಅದೇ ಪೇಜಿನಲ್ಲಿ ಅವಳು ತನ್ನ ಹೆಸರು ಹಾಕಿ ಬರೆದಳು. ನಾನು ತಪ್ಪು ತಿಳಿದೆ, ಆ ಮಗನ ತಪ್ಪು ಎಳ್ಳಷ್ಟೂ ಇಲ್ಲ, ಕ್ಷಮಿಸಿ.

ಹೊಗಳಿದ್ದ ಜನವೇ ತಿರುಗಿ ಬಿದ್ದರು. ಕಾರಣವೇನೆಂದು ಕೆದಕಿದರು. ಹುಡುಗನ ಕಡೆಯವರು ಹೆದರಿಸಿರಬೇಕೆಂದರು, ಪ್ರಚಾರಕ್ಕೆ ಮಾಡಿದ್ದಾಳೆ ಎಂದರು. ಫೋಟೋ ತೆಗೆಯಲು ಅವಳಿಗೆ ಒಪ್ಪಿಸಿದ್ದ ಎರಡು ಮದುವೆಗಳು ಕೈತಪ್ಪಿದವು. ಎಲ್ಲರಿಗೂ ಅವಳದು ಒಂದೇ ಉತ್ತರ: ತಪ್ಪು ನನ್ನದು, ಕಾರಣ ಹೇಳಲು ಅದು ನನ್ನ ಮನೆಯ ವಿಷಯವಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಕೃಷ್ಣೆ ದಾಟಿ ಮಕ್ತಲಕ್ಕೆ ಹೋಗಿ, ರೇಷ್ಮಾಳ ಮಾವ ಮೊಗುಲಪ್ಪನ ಎದುರು ನಿಂತು ಅದನ್ನೇ ಹೇಳಿದಳು. ನಿಜ ಕಾರಣವೇನೆಂದು ಮುದುಕ ಮೂರು ಸಲ ಕೇಳಿದ. ಮೂರು ಸಲವೂ ಅವಳು ಬಾಯಿ ಬಿಡಲಿಲ್ಲ.

ಒಳಗಿನಿಂದ ಕೇಳಿಸಿಕೊಂಡ ರೇಷ್ಮಾ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಫೋನಿಟ್ಟ ಮೇಲೆ ನರೇಂದ್ರ ಅದನ್ನೆಲ್ಲ ಅವ್ವನಿಗೂ ಹೇಳಿದ.

ಮುಂದಿನ ಭಾನುವಾರ ಅಖಿಲಾ ಮತ್ತೆ ರಾಜೋಳಿಯ ಅಂಗಳದಲ್ಲಿದ್ದಳು. ಆಶಮ್ಮ ಕ್ಯಾಮೆರಾದ ಮುಂದೆ ನಿಂತು ಹನ್ನೆರಡು ವರ್ಷವಾಗಿತ್ತು. ಮಕ್ಕಳ ಜೊತೆ ಅವಳದೊಂದು ಫೋಟೋ ತೆಗೆಯದೆ ಬಿಡುವುದಿಲ್ಲ ಎಂದು ಅಖಿಲಾ ಹಟ ತೊಟ್ಟಿದ್ದಳು. ಫ್ಲ್ಯಾಶ್ ಬೇಡ, ದೀಪ ಬೇಡ, ಹಗಲ ಬೆಳಕೇ ಸಾಕು. ಆದರೆ ಆಶಮ್ಮನಿಗೆ ಕ್ಯಾಮೆರಾ ಕಂಡರೇ ನಡುಕ.

ಒತ್ತಾಯ ಮಾಡಲಿಲ್ಲ ಅವಳು. ಮೊದಲ ವಾರ ಚೀಲವನ್ನೇ ಬಿಚ್ಚದೆ ನೂಲುವುದನ್ನು ಕಲಿತಳು. ಎರಡನೇ ವಾರ ಕ್ಯಾಮೆರಾ ಹೊರತೆಗೆದು ಪಕ್ಕದಲ್ಲಿಟ್ಟಳು. ನಾಲ್ಕನೇ ವಾರ ಆಶಮ್ಮನೇ ಅದನ್ನು ಎತ್ತಿ, ಇಷ್ಟು ಭಾರ ಹೊತ್ತು ದಿನವೆಲ್ಲ ಹೇಗೆ ನಿಲ್ಲುತ್ತೀ ಮಗಳೇ ಎಂದು ಕೇಳಿದಳು.

ನರೇಂದ್ರ ಮೊದಮೊದಲು ಅವಳು ಬಂದೊಡನೆ ಹೊರಗೆ ಹೋಗುತ್ತಿದ್ದ. ಬರಬರುತ್ತ ಚಹಾದ ಹೊತ್ತಿಗೆ ಬಂದು ಕೂರತೊಡಗಿದ. ಒಂದು ದಿನ ತಾನಾಗಿಯೇ ಹೇಳಿದ: ಹದಿನಾರರ ವಯಸ್ಸಿನಲ್ಲಿ ಮೊದಲ ಸಲ ಅವ್ವ ಬಿದ್ದಾಗ, ತಲೆ ಕಲ್ಲಿಗೆ ಬಡಿಯಬಾರದೆಂದು ತನ್ನ ಕೈಯನ್ನೇ ಕೆಳಗಿಟ್ಟಿದ್ದನಂತೆ. ಅಂದಿನಿಂದ ಎಲ್ಲಿ ಹೋದರೂ ಅವ್ವ ಕಾಣುವ ಕಡೆಯೇ ಕೂರುತ್ತಾನಂತೆ.

ಅಖಿಲಾ ಅವನ ಕೈಯನ್ನೇ ನೋಡಿದಳು. ಇಂಥವನನ್ನು ನಾನು ಏನೆಂದುಕೊಂಡಿದ್ದೆ... ತನ್ನನ್ನು ಇಲ್ಲಿಗೆ ಎಳೆದು ತರುತ್ತಿರುವುದು ಬರೀ ಪಶ್ಚಾತ್ತಾಪವಲ್ಲವೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು.

ಮುಚ್ಚಿಟ್ಟುಕೊಳ್ಳುವ ಹುಡುಗಿಯಲ್ಲ ಅವಳು. ಮುಂದಿನ ಸಲ ಹೊರಡುವಾಗ ಕೇಳಿಯೇಬಿಟ್ಟಳು.

“ನಾ ಇಲ್ಲಿಗೆ ಬರೀ ಫೋಟೋಕ್ಕ ಬರಾಕತ್ತಿಲ್ಲ. ನಿಮಗೂ ಗೊತ್ತೈತಿ, ಹೌದಿಲ್ಲೋ?”

“ಗೊತ್ತೈತಿ.” ಅವನು ಬೇರೆ ಕಡೆ ನೋಡಿದ. “ಅದಕ್ಕಾ ಇನ್ನ ಬರಬ್ಯಾಡ್ರಿ ಅನ್ನಾಕತ್ತೀನಿ. ನಿಮ್ಮ ಬದುಕೆಲ್ಲಾ ಆ ಬೆಳಕಿನ್ಯಾಗ ಐತಿ. ನಮ್ಮ ಮನ್ಯಾಗ ಅದಾ ಆಗಬಾರದ್ದು. ಮ್ಯಾಲ ಈ ಗುಟ್ಟು... ಇದನ್ನ ಹೊರಾಕ ನಾ ಒಬ್ಬವ ಸಾಕು.”

ಅವಳು ಸ್ಕೂಟಿ ತಿರುಗಿಸಿದಳು. ದಾರಿಯುದ್ದಕ್ಕೂ ಅವನ ಮಾತುಗಳನ್ನು ಒಂದೊಂದಾಗಿ ನೆನೆದಳು. ಬರಬೇಡ ಎಂದ. ಇಷ್ಟವಿಲ್ಲ ಎನ್ನಲಿಲ್ಲ.

ಅವಳಿಗೆ ಅಷ್ಟು ಸಾಕಾಗಿತ್ತು.

*

ಐದು ತಿಂಗಳ ನಂತರ ಮಕ್ತಲದಲ್ಲಿ ಬಸುರಿ ರೇಷ್ಮಾಳ ಏಳನೇ ತಿಂಗಳ ಕುಬಸ ನಿಶ್ಚಯವಾಯಿತು. ಅಖಿಲಾ ತಾನೇ ಫೋನು ಮಾಡಿ, ಫೋಟೋ ನಾನೇ ತೆಗೆಯುತ್ತೇನೆ, ಆದರೆ ಕಾರ್ಯ ಬೆಳಿಗ್ಗೆ ಹತ್ತಕ್ಕೆ, ತೆರೆದ ಅಂಗಳದಲ್ಲಿ ಆಗಬೇಕು ಎಂದಳು. ರೇಷ್ಮಾ ಯಾಕೆಂದು ಕೇಳಲಿಲ್ಲ. ಅವಳ ದನಿ ಮಾತ್ರ ಒದ್ದೆಯಾಯಿತು.

ಆ ದಿನ ಆಶಮ್ಮ ಮಗಳಿಗೆ ಹಸಿರು ನಾರಾಯಣಪೇಟೆ ಸೀರೆ, ಬಳೆ ತಂದು, ಬಾಗಿಲ ಪಕ್ಕದಲ್ಲಿ ಮುದುಡಿ ಕುಳಿತಳು. ನರೇಂದ್ರ ಅಖಿಲಾಳನ್ನು ನೋಡಿದ, ನೋಡದವನಂತೆ ತಿರುಗಿದ. ಸೊರಗಿದ್ದಾನೆ ಎಂದುಕೊಂಡಳು ಅವಳು.

ಎಲ್ಲ ಸರಿಯಾಗಿಯೇ ನಡೆದಿತ್ತು. ಆರತಿಯ ಹೊತ್ತಿಗೆ ಗಂಡಿನ ಕಡೆಯ ಬಂಧುವೊಬ್ಬರು ಹೇಳಿದ್ದ ವೀಡಿಯೋದವನು ಬಂದ. ಅವನ ದೊಡ್ಡ ದೀಪ ಕರೆಂಟು ಸರಿಯಿಲ್ಲದೆ ಫಳ್ ಫಳ್ ಎಂದು ಮಿನುಗತೊಡಗಿತು.

ಆಶಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನರೇಂದ್ರ ಧಡಕ್ಕನೆ ಎದ್ದ.

ಅವನಿಗಿಂತ ಮೊದಲೇ ಅಖಿಲಾ ದೀಪಕ್ಕೆ ಬೆನ್ನು ಕೊಟ್ಟು ಆಶಮ್ಮನಿಗೆ ಅಡ್ಡ ನಿಂತಿದ್ದಳು. “ದೀಪ ಆರಸ್ರಿ.”

ವೀಡಿಯೋದವನು ತೆಲುಗಿನಲ್ಲಿ ಗೊಣಗಿದ, ಇವಳಿಗೇನು ತೊಂದರೆ ಎಂದ. ಮೊಗುಲಪ್ಪ ಮುಂದೆ ಬಂದ.

“ಏನವ್ವ, ಲಗ್ನದಾಗೂ ನೀನಾ, ಇಲ್ಲೂ ನೀನಾ. ಕಾರಣ ಹೇಳು.”

ಒಂದು ಮಾತು ಹೇಳಿದರೆ ಸಾಕಿತ್ತು. ಅಖಿಲಾ ನರೇಂದ್ರನತ್ತ ನೋಡಿದಳು. ಅವನ ಮುಖ ಬಿಳುಚಿತ್ತು.

“ಕಾರಣ ಏನಿಲ್ರೀ. ನನಗಾ ಬ್ಯಾಡ. ಬೈಯೋದಿದ್ರ ನನಗ ಬೈರಿ.”

ಅಂಗಳದಲ್ಲಿ ಗುಸುಗುಸು ಎದ್ದಿತು. ಸೊಕ್ಕು ನೋಡು ಎಂದರು ಯಾರೋ. ಅವಳು ಅಲುಗಲಿಲ್ಲ.

ಆಗ ಅವಳ ಹಿಂದಿನಿಂದ ಆಶಮ್ಮ ಎದ್ದಳು.

“ಸಾಕವ್ವ. ನನ್ನ ಸಲುವಾಗಿ ಮಗ ಬೈಸಿಕೊಂಡ, ಈಗ ನೀನು. ಇನ್ನ ಎಷ್ಟು ಮಂದಿ...” ಅವಳು ಬೀಗನತ್ತ ಕೈಮುಗಿದಳು. “ನನಗ ಫಿಟ್ಸ್ ಬರ್ತಾವ್ರಿ. ಈ ಬೆಳಕಿಗೆ ಬರ್ತಾವ. ಮುಚ್ಚಿಟ್ಟಾಕಿ ನಾನು. ಮಕ್ಕಳದು ತಪ್ಪಿಲ್ಲ.”

ರೇಷ್ಮಾಳ ಗಂಡ ಮಹೇಂದರ್ ಬಗ್ಗಿ ದೀಪದ ವೈರು ಕಿತ್ತುಹಾಕಿದ. ಕಾಯಿಲೆಯ ವಿಷಯ ರೇಷ್ಮಾ ತನಗೆ ಮದುವೆಯಾದ ಮೊದಲ ತಿಂಗಳೇ ಹೇಳಿದ್ದಾಳೆಂದೂ, ಅತ್ತೆ ತಾವಾಗಿ ಹೇಳಲಿ ಎಂದು ಸುಮ್ಮನಿದ್ದೆನೆಂದೂ, ಆದರೆ ಬೆಳಕಿನಿಂದ ಬರುತ್ತದೆಂಬುದು ಗೊತ್ತಿರಲಿಲ್ಲವೆಂದೂ ಮೆಲ್ಲಗೆ ಹೇಳಿದ.

ಮೊಗುಲಪ್ಪ ಗಡ್ಡ ಕೆರೆಯುತ್ತ ಸೊಸೆಯ ಕಡೆ ನೋಡಿದ.

“ಲಗ್ನಕ್ಕ ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೋ ಏನೋ. ಸುಳ್ಳು ಯಾಕ ಹೇಳಲಿ,” ಎಂದ ಕೊನೆಗೆ. “ಈಗ ರೇಷ್ಮಾ ನಮ್ಮ ಮನಿ ಕೂಸು. ಬೀಗತೀನ್ನ ಮುಂದ ಕರ್ಕೊಂಡು ಬಂದು ಕೂಡಸ್ರಿ.”

ಆಶಮ್ಮನನ್ನು ಕೈಹಿಡಿದು ಕರೆತಂದು ಮಗಳ ಪಕ್ಕದಲ್ಲಿ ಕೂರಿಸಿದರು. ಆ ಕಡೆ ನರೇಂದ್ರ ನಿಂತ. ಅಂಗಳದ ತುಂಬ ಬಿಸಿಲಿತ್ತು. ಅಖಿಲಾ ಕ್ಯಾಮೆರಾ ಎತ್ತಿದಾಗ ಆಶಮ್ಮನ ತುಟಿ ಮಾತ್ರ ಸ್ವಲ್ಪ ನಡುಗಿತು, ಕಣ್ಣು ಮುಚ್ಚಲಿಲ್ಲ.

ಕಣ್ಣೀರಿನಲ್ಲಿ ಏನೂ ಕಾಣದಿದ್ದರೂ ಅಖಿಲಾ ಬಟನ್ ಒತ್ತಿದಳು. ಸಾಲದೆಂದು ಮತ್ತೆ ಒತ್ತಿದಳು.

*

ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ ಅವಳು ಹಿತ್ತಲಲ್ಲಿ ಚೀಲ ಕಟ್ಟುತ್ತಿದ್ದಳು. ನರೇಂದ್ರ ಬಂದು ನಿಂತ.

“ಅಖಿಲಾ...” ಅವನು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. “ಬರಬ್ಯಾಡ ಅಂದಿದ್ದೆ. ಅಂದ ದಿನದಿಂದ ಪ್ರತಿ ಭಾನುವಾರ ಬಾಗಿಲಾ ನೋಡಿಕೋತ ಕುಂತೀನಿ.”

ಅವಳು ಚೀಲದ ಪಟ್ಟಿಯನ್ನು ಬಿಗಿಯುತ್ತಲೇ ಇದ್ದಳು.

“ನಿಮ್ಮ ಕೆಲಸ ನಿಮ್ಮದಾ. ಬಿಡ್ರಿ ಅಂತ ಎಂದೂ ಅನ್ನಂಗಿಲ್ಲ. ದೀಪಾನ ಮನಿ ಹೊರಗ ಇಡೋಣು, ಅಷ್ಟಾ. ನಾಳಿ ಗದ್ವಾಲಕ್ಕ ಬಂದು ನಿಮ್ಮಪ್ಪನ್ನ ಕೇಳತೀನಿ.”

“ಅಪ್ಪಗ ನಾ ಹೋದ ತಿಂಗಳಾ ಹೇಳೀನಿ.”

ನರೇಂದ್ರ ಬೆಪ್ಪಾದ. “ನನ್ನ ಕೇಳಾಕಿಂತ ಮೊದಲಾ?”

“ನಿಮ್ಮನ್ನ ಕೇಳಿದ್ರ ಬ್ಯಾಡ ಅಂತಿದ್ರಿ.”

“ಅವರೇನಂದ್ರು?”

“ಆ ಹುಡುಗ ಯಾವಾಗ ಬರ್ತಾನ ಅಂತ ದಿನಾ ಕೇಳಾಕತ್ತಾನ.”

ಅವನು ನಕ್ಕ. ಇಷ್ಟು ದಿನದಲ್ಲಿ ಅವನ ನಗೆಯ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಮಧ್ಯಾಹ್ನವೇ ಹೊರಟುಬಿಡೋಣ, ನಾಳೆಯವರೆಗೆ ಯಾಕೆ ಎಂದ.

“ಒಬ್ಬರಾ ಬರಬ್ಯಾಡ್ರಿ,” ಎಂದಳು ಅಖಿಲಾ. “ಅತ್ತಿನ್ನೂ ಕರಕೊಂಡು ಬರ್ರಿ.”

ನರೇಂದ್ರ ಆ ಮಾತಿಗೆ ಅಲ್ಲೇ ನಿಂತ. “ಯಾರನ್ನ ಅಂದಿ?”

“ಕೇಳಿಸ್ತಲ್ಲ...” ಅವಳು ತಲೆ ತಗ್ಗಿಸಿದಳು. “ಅತ್ತಿನ್ನ.”